ಎಷ್ಟು ದಿನ ಅಂತ ಬರೆಯಿರಿ

ಗಂಡಸರ ವಾರ್ಡಿನ ಕೊನೆಯ ಮಂಚ. ಕೈಗೆ ಡ್ರಿಪ್ಸ್, ಎಡಗಾಲಿಗೆ ಸರಪಳಿ, ಅದರ ಇನ್ನೊಂದು ತುದಿ ಮಂಚದ ಕಬ್ಬಿಣಕ್ಕೆ. ಪಕ್ಕದ ಸ್ಟೂಲಿನಲ್ಲಿ ಪೊಲೀಸ್ ಪೇದೆ. ಬಾಯಿ ಕ್ಯಾನ್ಸರ್ ಕೆನ್ನೆಯನ್ನೇ ತೂತು ಮಾಡಿತ್ತು. ಕುಡಿಸಿದ ಗಂಜಿ ಅಲ್ಲಿಂದ ಸೋರುತ್ತಿತ್ತು. ಕೊಲೆ ಕೇಸಿನ ಜೀವಾವಧಿ ಕೈದಿ. ದಿನಾ ಡ್ರೆಸಿಂಗ್ ಮಾಡುತ್ತಿದ್ದವಳು ನಾನು. ಏಳಲಾಗದವನನ್ನು ಯಾಕಪ್ಪಾ ಕಟ್ಟಿದ್ದೀರಿ ಅಂದರೆ ಪೇದೆ, "ನನ್ನ ಕೆಲಸ ಹೋಗತ್ತೆ ಸಿಸ್ಟರ್" ಅಂದ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಕೈದಿಗೆ ಬೇಡಿ ಹಾಕಬಾರದೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತ್ತಂತೆ. ಅದೂ ಅಸ್ಸಾಮಿನಲ್ಲಿ ಆಸ್ಪತ್ರೆ ಮಂಚಕ್ಕೆ ಬಿಗಿದಿದ್ದ ಕೈದಿಗಳ ವಿಚಾರದಲ್ಲಿ. ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ.

ನಮ್ಮ ವಾರ್ಡಿನ ಆ ಕೈದಿಯ ತಾಯಿ ಬಿಡುಗಡೆಗೆ ಅರ್ಜಿ ಹಾಕಿಸಿದ್ದರು. ಫೈಲು ವಾಪಸ್ ಬಂತು: ರೋಗಿ ಇನ್ನೆಷ್ಟು ದಿನ ಬದುಕಬಹುದು, ನಮೂದಿಸಿ. ಡಾಕ್ಟರು ಪೆನ್ನು ಹಿಡಿದು ಬಹಳ ಹೊತ್ತು ಕೂತರು. ವಾರ ಕಳೆಯುವುದಿಲ್ಲ ಅಂದುಕೊಂಡವರು ದೀಪಾವಳಿ ದಾಟಿದ್ದನ್ನೂ, ನಾಳೆ ಮನೆಗೆ ಅಂದವರು ಬೆಳಗಿನ ಜಾವ ಹೋದದ್ದನ್ನೂ ನಾವಿಬ್ಬರೂ ಕಂಡಿದ್ದೆವು. ಕೊನೆಗೆ "ಸುಮಾರು ಮೂರು ತಿಂಗಳು" ಅಂತ ಬರೆದರು.

ಸ್ಕಾಟ್ಲೆಂಡಿನ ಜೈಲಿನಲ್ಲಿದ್ದ ಅಬ್ದೆಲ್‌ಬಾಸೆತ್ ಅಲ್ ಮೆಗ್ರಾಹಿ ಎಂಬ ಲಿಬಿಯಾದ ಕೈದಿಗೆ ಹೇಳಿದ್ದೂ ಅದೇ ಮೂರು ತಿಂಗಳು. 1988ರ ಡಿಸೆಂಬರ್ 21ರಂದು ಅಲ್ಲಿನ ಲಾಕರ್ಬಿ ಊರಿನ ಮೇಲೆ ಬಾಂಬಿಟ್ಟಿದ್ದ ವಿಮಾನ ಸಿಡಿದು 270 ಜನ ಸತ್ತರು. ಅವರಲ್ಲಿ 11 ಮಂದಿ ನೆಲದ ಮೇಲೆ, ತಮ್ಮ ಊರಲ್ಲೇ ಇದ್ದವರು. ಆ ಅಪರಾಧಕ್ಕೆ 2001ರಲ್ಲಿ ಅವನಿಗೆ ಜೀವಾವಧಿ ಆಯಿತು. 2009ರ ಆಗಸ್ಟ್ 20ರಂದು, ಪ್ರಾಸ್ಟೇಟ್ ಕ್ಯಾನ್ಸರ್ ಎಂದು, ನ್ಯಾಯ ಸಚಿವ ಕೆನ್ನಿ ಮೆಕಾಸ್ಕಿಲ್ ಅವನನ್ನು ಬಿಟ್ಟರು. ಅವನು ತೀರಿಕೊಂಡದ್ದು 2012ರ ಮೇ 20ಕ್ಕೆ. ಎರಡು ಮುಕ್ಕಾಲು ವರ್ಷ! ತಿಂಗಳು ಕಳೆದಂತೆಲ್ಲ ಜನರ ಸಿಟ್ಟು ಏರಿತು, ಇನ್ನೂ ಸಾಯಲಿಲ್ಲವಲ್ಲ ಅಂತ. ಮಕ್ಕಳನ್ನು ಕಳೆದುಕೊಂಡವರ ಸಿಟ್ಟನ್ನು ನಾನು ತಪ್ಪೆನ್ನಲಾರೆ. ಆದರೆ ಇಂಥ ದಿನದೊಳಗೆ ಸಾಯಬೇಕೆಂಬ ಕರಾರಿನ ಮೇಲೆ ಬಿಟ್ಟರೆ ಅದು ಯಾವ ದಯೆ? ನೋವು ಎಷ್ಟಿದೆ, ಎದ್ದು ಯಾರಿಗಾದರೂ ಕೇಡು ಮಾಡಬಲ್ಲನೇ ಎಂದು ಕೇಳಲಿ. ಅದಕ್ಕೆ ವಾರ್ಡಿನ ಆಯಾ ಕೂಡ ಉತ್ತರ ಹೇಳಬಲ್ಲಳು.

ಮೆಕಾಸ್ಕಿಲ್ ತೀರ್ಮಾನಕ್ಕೆ ಮುಂಚೆ ಸತ್ತವರ ಮನೆಯವರ ಮಾತು ಕೇಳಿದ್ದರು, ಅಮೆರಿಕದವರ ಜೊತೆ ವಿಡಿಯೋದಲ್ಲಿ ಮಾತಾಡಿದ್ದರು. ನಮ್ಮಲ್ಲಿ? ಕೊಲೆಯಾದವನ ಹೆಂಡತಿ ಬಿಪಿ ಮಾತ್ರೆಗೆಂದು ನಮ್ಮ ಆಸ್ಪತ್ರೆಗೇ ಬರುತ್ತಿದ್ದರು. ಒಂದು ದಿನ ಚೀಟಿ ಮಡಚುತ್ತಾ, "ಅವನನ್ನ ಬಿಡ್ತಾರಂತೆ, ಹೌದಾ ಸಿಸ್ಟರ್?" ಅಂತ ಕೇಳಿದರು. ಅವರಿಗೆ ಯಾವ ಕಚೇರಿಯವರೂ ಒಂದು ಮಾತು ಹೇಳಿರಲಿಲ್ಲ. ಬಿಡಬೇಕು ಅಂತ ಮನಸ್ಸಿನಲ್ಲಿಟ್ಟುಕೊಂಡಿದ್ದ ನನಗೆ ಅವರ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ. ಇವತ್ತೂ ಅದು ಕೊರೆಯುತ್ತದೆ.

ಫೈಲು ಹೋದ ಹತ್ತೊಂಬತ್ತನೇ ದಿನ ಅವನು ತೀರಿಕೊಂಡ. ಸರಪಳಿಯ ಕೀಲಿ ಡ್ಯೂಟಿ ಮುಗಿಸಿ ಹೋದ ಪೇದೆಯ ಜೇಬಿನಲ್ಲಿತ್ತು. ಅವನು ವಾಪಸ್ ಬರುವವರೆಗೂ ಆ ತಾಯಿ ಮಗನ ಕಾಲು ತೊಡೆಯ ಮೇಲಿಟ್ಟುಕೊಂಡು, ಸರಪಳಿ ಚರ್ಮಕ್ಕೆ ತಾಗದಂತೆ ಸೆರಗು ಒತ್ತಿ ಹಿಡಿದು ಕೂತಿದ್ದರು.