ಹೊಡೀಬೇಡಿ ಅಂದ್ರೆ ಸಾಕಾ?

"ಮಕ್ಕಳಿಗೆ ಹೊಡೀಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ." ತಾಯಂದಿರ ಸಭೆಗಳಲ್ಲಿ ಈಗ ಈ ಮಾತು ಜಾಸ್ತಿ ಕೇಳುತ್ತದೆ. ಒಳ್ಳೆಯ ಮಾತೇ. ಆದರೆ ಕಾಫಿ ಕೊಯ್ಲಿನ ಹೊತ್ತಲ್ಲಿ ನಮ್ಮ ಕೊಡಗಿನ ಪೊನ್ನಂಪೇಟೆ ಕಡೆಯ ಲೈನ್ ಮನೆಗಳಲ್ಲಿ, ಅಂದ್ರೆ ತೋಟದ ಆಳುಗಳ ಸಾಲು ಮನೆಗಳಲ್ಲಿ, ಕೂರೋಕೆ ಯಾರಿಗಿದೆ ಪುರುಸೊತ್ತು?

ಮಂಜು ಕರಗುವ ಮೊದಲೇ ತೋಟಕ್ಕೆ ಹೋಗಬೇಕು. ಗಿಡದ ಬುಡಕ್ಕೆ ಟಾರ್ಪಾಲು ಹಾಸಿ ರೊಬಸ್ಟಾ ಕಾಫಿ ಹಣ್ಣು ಕುಯ್ಯಬೇಕು. ಕೂಲಿ ಕೆಜಿ ಲೆಕ್ಕದಲ್ಲಿ. ಹಾಗಾಗಿ ಸಂಜೆ ಚೀಲ ತೂಕಕ್ಕೆ ಹಾಕುವವರೆಗೂ ಕೈ ನಿಲ್ಲಲ್ಲ. ಅಲ್ಲೇ ಮರದ ಕೊಂಬೆಗೆ ಹಳೇ ಸೀರೆಯ ಜೋಲಿ, ಅದರಲ್ಲಿ ಕೂಸು. ತೂಗೋಕೆ ಐದಾರು ವರ್ಷದ ಅಕ್ಕ. ಅವಳೂ ಮಗುವೇ ಅಲ್ವಾ?

50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಕೊಡಗಿನಲ್ಲಿ ಸಣ್ಣ ತೋಟಗಳೇ ಜಾಸ್ತಿ, ಅವು ಆ ಲೆಕ್ಕಕ್ಕೇ ಬರಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ ಆದ 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರ ಆಯ್ತು. ಸೀಸನ್ನಿಗೆ ಬರುವ ದಿನಗೂಲಿ ಹೆಂಗಸಿಗೆ ಅದನ್ನು ಕೊಡೋರ್ಯಾರು? ಅಪ್ಪಂದಿರ ಕಥೆ ಕೇಳಲೇಬೇಡಿ. ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ ರಜೆ. ತೋಟದ ಆಳಿಗೆ, ರಜೆ ಹಾಕಿದರೆ ಕೂಲಿ ಖೋತಾ.

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ ರಾಜ್ಯ ಸರ್ಕಾರ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಶುರುಮಾಡಿತಲ್ಲ, ಅದು ನನಗೆ ಹಿಡಿಸಿತು. ಸಲಹೆ ಕೊಟ್ಟು ಸುಮ್ನಾಗದೆ, ಮಗುವನ್ನು ಎತ್ತಿಕೊಳ್ಳೋಕೆ ಇನ್ನೆರಡು ಕೈ ಕೊಟ್ಟ ಯೋಜನೆ. ಕೊಯ್ಲಿನ ತಿಂಗಳುಗಳಲ್ಲಿ ಅಂಥದ್ದೊಂದು ಲೈನ್ ಮನೆಗಳ ಹತ್ತಿರವೇ, ಸಂಜೆ ತೂಕ ಮುಗಿಯುವವರೆಗೂ ತೆರೆದಿರಬೇಕು. ಮುಂದಿನ ಗ್ರಾಮಸಭೆಯಲ್ಲಿ ಕೇಳೋಣ ಅಂತಿದ್ದೀನಿ. ಆನೆ ಕಾಟದ ಚರ್ಚೆ ಮುಗಿದು ಟೈಮ್ ಉಳಿದರೆ!