ಸ್ಕೌಟ್ ಪ್ಯಾಂಟ್: ಬಣ್ಣಕ್ಕಿಂತ ಮೊದಲು ಬಟ್ಟೆ ನೋಡಿ

ಸ್ಕೌಟ್ ಸಮವಸ್ತ್ರದಲ್ಲಿ ಅಂಗಿಗೆ ಸಿಗುವ ಆರೈಕೆ ಪ್ಯಾಂಟಿಗೆ ಸಿಗುವುದಿಲ್ಲ. ಬ್ಯಾಡ್ಜುಗಳೆಲ್ಲ ಅಂಗಿಯ ಮೇಲಿರುವುದರಿಂದ ಅದನ್ನು ಜೋಪಾನವಾಗಿ ಆರಿಸುತ್ತೇವೆ. ಪ್ಯಾಂಟಿನ ಬಣ್ಣ ಹೊಂದಿದರೆ ಸಾಕೆಂದು ತಂದುಬಿಡುತ್ತೇವೆ. ಆದರೆ ಬೇಸಿಗೆ ಶಿಬಿರದಲ್ಲಿ ಒದ್ದೆ ಹುಲ್ಲಿನ ಮೇಲೆ ಕೂರುವುದು, ಮೊಣಕಾಲೂರಿ ಡೇರೆಯ ಗೂಟ ಬಡಿಯುವುದು, ಪೊದೆಗಳ ನಡುವೆ ನುಸುಳುವುದು, ಇವೆಲ್ಲದರ ಪೆಟ್ಟನ್ನು ತಿನ್ನುವುದು ಪ್ಯಾಂಟೇ. ಮಕ್ಕಳನ್ನು ಶಿಬಿರಕ್ಕೆ ಕಳುಹಿಸುವ ಪ್ರತಿಯೊಬ್ಬ ಪೋಷಕರೂ ಇದಕ್ಕಾಗಿ ಸ್ವಲ್ಪ ಹೊತ್ತು ಮೀಸಲಿಡಬೇಕೆಂಬುದು ನನ್ನ ಕಳಕಳಿಯ ಮಾತು.

ಮೊದಲು ದಳದ ನಿಯಮವನ್ನು ಕೇಳಿ ತಿಳಿದುಕೊಳ್ಳಿ. ಕೆಲವು ದಳಗಳು ಅಧಿಕೃತ ಪ್ಯಾಂಟನ್ನೇ ಬಯಸುತ್ತವೆ, ಕೆಲವು ಅದೇ ಬಣ್ಣದ ಬೇರೆ ಪ್ಯಾಂಟನ್ನೂ ಒಪ್ಪುತ್ತವೆ.

ನಂತರದ ಪ್ರಶ್ನೆ ಬಟ್ಟೆಯದು, ನನ್ನ ದೃಷ್ಟಿಯಲ್ಲಿ ಮುಖ್ಯವಾದ ಪ್ರಶ್ನೆಯೂ ಇದೇ. ಹತ್ತಿ ಮೈಗೆ ಹಿತ, ಇಸ್ತ್ರಿಯ ಗೆರೆಯೂ ಅದರಲ್ಲಿ ಚೆನ್ನಾಗಿ ಮೂಡುತ್ತದೆ. ಆದರೆ ಅದು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲಿಯೇ ಹತ್ತಿಯ ನೂಲು ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಗಾಳಿಯಿಂದ ಹೀರಿಕೊಂಡಿರುತ್ತದೆ. ನೈಲಾನಿನಲ್ಲಿ ಇದು ಶೇ. 4ರ ಆಸುಪಾಸು, ಪಾಲಿಯೆಸ್ಟರಿನಲ್ಲಿ ಶೇ. 1ಕ್ಕಿಂತಲೂ ಕಡಿಮೆ. ಮಳೆಗೆ ಸಿಕ್ಕ ದಪ್ಪ ಹತ್ತಿಯ ಪ್ಯಾಂಟು ಡೇರೆಯೊಳಗೆ ರಾತ್ರಿಯಿಡೀ ನೇತುಹಾಕಿದರೂ ಒಣಗದೆ, ಬೆಳಗಿನ ನಡಿಗೆಯಲ್ಲಿ ತೊಡೆಯ ಒಳಬದಿಯನ್ನು ಉಜ್ಜಿ ಕೆಂಪಾಗಿಸುತ್ತದೆ. ಇದನ್ನು ಕಂಡಮೇಲೆ ನಾನು ಶಿಬಿರಕ್ಕೆ ತೆಳುವಾದ ನೈಲಾನ್ ಪ್ಯಾಂಟನ್ನೇ ಆರಿಸುತ್ತೇನೆ. ನಡುನಡುವೆ ದಪ್ಪ ನೂಲು ಸೇರಿಸಿ ಸಣ್ಣ ಚೌಕಗಳಾಗಿ ನೇಯ್ದ ರಿಪ್‌ಸ್ಟಾಪ್ ಬಟ್ಟೆಯಾದರೆ, ಮುಳ್ಳು ತಗುಲಿ ಹರಿದ ಜಾಗ ಸುಲಭವಾಗಿ ಮುಂದಕ್ಕೆ ಹಬ್ಬುವುದಿಲ್ಲ.

ನೈಲಾನಿಗೂ ಒಂದು ದೋಷವಿದೆ: ಅದು ಕಾವಿಗೆ ಕರಗುತ್ತದೆ. ಬೆಂಕಿಯಿಂದ ಸಿಡಿದ ಒಂದು ಕಿಡಿ ಸಾಸಿವೆಯಷ್ಟು ತೂತು ಮಾಡಿ, ಸುತ್ತ ಗಟ್ಟಿಯಾದ ಅಂಚನ್ನು ಉಳಿಸುತ್ತದೆ. ಹೆಚ್ಚು ಕರಗಿದರೆ ಚರ್ಮಕ್ಕೂ ಅಂಟಿಕೊಳ್ಳುತ್ತದೆ. ಹತ್ತಿಯೂ ಬೆಂಕಿ ಹೊತ್ತಿಕೊಳ್ಳುತ್ತದೆ, ಆದರೆ ಕರಗಿ ಅಂಟುವುದಿಲ್ಲ. ಹಾಗಾಗಿ ಎರಡು ಪ್ಯಾಂಟುಗಳಿಗೆ ಅವಕಾಶವಿದ್ದರೆ ಪೂರ್ತಿ ಹತ್ತಿಯ ಒಂದನ್ನು ಒಲೆಯ ಕೆಲಸಕ್ಕೂ ಶಿಬಿರಾಗ್ನಿಗೂ ಮೀಸಲಿಡುವುದು ಒಳ್ಳೆಯದು.

ಚಡ್ಡಿಯೋ ಪೂರ್ತಿ ಪ್ಯಾಂಟೋ ಎಂಬ ಚರ್ಚೆ ಹಳೆಯದು. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಪ್ರಾಯೋಗಿಕ ಶಿಬಿರದ ನಂತರ ಬೆಳೆದ ಈ ಚಳವಳಿಯ ಗುರುತೇ ಚಡ್ಡಿಯಾಗಿತ್ತು. ಓಡಲು, ಹತ್ತಲು ಮೊಣಕಾಲಿಗೆ ಅದು ಕೊಡುವ ಬಿಡುವು ಈಗಲೂ ನಿಜವಾದ ಲಾಭವೇ. ಆದರೆ ಉಣ್ಣಿ, ಸೊಳ್ಳೆಗಳಿರುವ ಕಾಡಿನಲ್ಲಿ ಉದ್ದನೆಯ ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸುವುದು ಸುಲಭವಾದ ರಕ್ಷಣೆ. ಮೊಣಕಾಲಿನ ಬಳಿ ಜಿಪ್ ಬಿಚ್ಚಿ ಚಡ್ಡಿಯಾಗಿಸಬಹುದಾದ ಪ್ಯಾಂಟು ಎರಡಕ್ಕೂ ಒದಗುತ್ತದೆ. ಜಿಪ್ಪಿನ ಮೇಲೆ ಬಟ್ಟೆಯ ಪಟ್ಟಿ ಮುಚ್ಚಿದೆಯೇ, ಮಗು ಮಂಡಿಯೂರಿದಾಗ ಅದು ಒತ್ತುತ್ತದೆಯೇ ಎಂಬುದನ್ನು ಮಾತ್ರ ಪರೀಕ್ಷಿಸಬೇಕು.

ಮಗುವನ್ನು ನಿಲ್ಲಿಸಿ ಅಳತೆ ನೋಡಿದರೆ ಸಾಲದು. ಮಗುವನ್ನು ಕುಕ್ಕರುಗಾಲಿನಲ್ಲಿ ಕೂರಿಸಿ, ಎತ್ತರದ ಮೆಟ್ಟಿಲ ಮೇಲೆ ಕಾಲಿಡಿಸಿ ನೋಡಿ. ತೊಡೆಸಂದಿನಲ್ಲಿ ಬಟ್ಟೆ ಬಿಗಿದರೆ ಆ ಹೊಲಿಗೆ ಶಿಬಿರದಲ್ಲಿಯೇ ಬಿಚ್ಚಿಕೊಳ್ಳುವುದು ಖಂಡಿತ. ಅಲ್ಲಿ ವಜ್ರಾಕಾರದ ತುಂಡೊಂದನ್ನು ಸೇರಿಸಿ ಹೊಲಿದ ಪ್ಯಾಂಟುಗಳು ಈ ಒತ್ತಡವನ್ನು ಹಂಚಿಕೊಳ್ಳುತ್ತವೆ. ಬೆಳೆಯುವ ಮಕ್ಕಳಿಗೆ ಉದ್ದವನ್ನು ಒಳಕ್ಕೆ ಮಡಿಸಿ ಹೊಲಿಸಿದರೆ ಮುಂದಿನ ವರ್ಷ ಬಿಚ್ಚಿ ಇಳಿಸಬಹುದು, ಆದರೆ ಸೊಂಟವನ್ನು ಅತಿಯಾಗಿ ಸಡಿಲ ಕೊಳ್ಳಬೇಡಿ, ಏಕೆಂದರೆ ಬೆಲ್ಟಿನಡಿ ಮುದುಡಿದ ಬಟ್ಟೆ ಬೆನ್ನುಚೀಲದ ಪಟ್ಟಿಯ ಕೆಳಗೆ ಸಿಕ್ಕಿ ಮೈಯನ್ನು ಉಜ್ಜುತ್ತದೆ. ಹೊಸ ಪ್ಯಾಂಟನ್ನು ಹೊರಡುವ ಮೊದಲೇ ಒಗೆದು, ಒಂದು ದಿನ ಮನೆಯಲ್ಲಿ ತೊಡಿಸಿ, ಸೊಂಟಪಟ್ಟಿಯ ಒಳಬದಿಯಲ್ಲಿ ಮಗುವಿನ ಹೆಸರನ್ನು ಅಳಿಸಲಾಗದ ಶಾಯಿಯಲ್ಲಿ ಬರೆದಿಡಿ.