ಎರಡನೇ ಸ್ಲಾಟ್ ಖಾಲಿ ಇತ್ತು

2024ರ ಚೌತಿಗೆ ಒಂದೇ ವಾರ ಬಾಕಿ ಇತ್ತು. ನಾನು ಸದಾಶಿವಗಡದ ನಮ್ಮ ಮನೆಯಲ್ಲೇ ಟೈಪಿಂಗ್, ಡಿಟಿಪಿ ಕೆಲಸ ಮಾಡುವವಳು. ನಮ್ಮ ಕಡೆಯ ಗಣಪತಿ ಮಂಡಳಿಯವರು ಕರಪತ್ರಕ್ಕೆ ಫೋಟೊ, ದೇಣಿಗೆ ಕೊಟ್ಟವರ ಹೆಸರು ಎಲ್ಲ ಕಳಿಸಿದ್ದರು. ಆದರೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತಲೇ ಇರಲಿಲ್ಲ. ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಒಂದು ಸಾಲು ಟೈಪ್ ಮಾಡಿದರೆ ಅಕ್ಷರಗಳು ನಿಧಾನಕ್ಕೆ ಒಂದೊಂದಾಗಿ ಬರುತ್ತಿದ್ದವು. ಒಂದು ದೊಡ್ಡ ಫೋಟೊ ತೆರೆದರೆ ಮೌಸ್ ಕೂಡ ನಿಂತುಬಿಡುತ್ತಿತ್ತು.

ಹಿಂದಿನ ತಿಂಗಳು ಒಂದು ಅಂಗಡಿಯಲ್ಲಿ ಕೇಳಿದ್ದೆ. "ಹಳೇದಾಯ್ತು ಮೇಡಂ, ಹೊಸದೇ ತಗೊಳ್ಳಿ" ಅಂದಿದ್ದರು. ಯಂತ್ರವನ್ನು ತೆರೆದೂ ನೋಡಿರಲಿಲ್ಲ. 2017ರಲ್ಲಿ ನನ್ನ ದುಡಿಮೆಯ ಮೊದಲ ದುಡ್ಡು ಕೂಡಿಸಿ ತಂದ ಕಂಪ್ಯೂಟರ್ ಅದು. ಆ ಮಾತು ನನಗೆ ತುಂಬ ನೋವು ಕೊಟ್ಟಿತ್ತು.

ಶನಿವಾರ ಬೆಳಿಗ್ಗೆ, ಕಂಪ್ಯೂಟರ್‌ನ ಯಾವ ಭಾಗ ಎಷ್ಟು ದುಡಿಯುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ಕೂತೆ. ಪ್ರೊಸೆಸರ್ ಶೇ. 15ರ ಆಸುಪಾಸಿನಲ್ಲಿ ಆರಾಮವಾಗಿತ್ತು. ಮೆಮೊರಿ ಮಾತ್ರ ಶೇ. 94. ಮೆಮೊರಿ ಅಂದರೆ ರ‍್ಯಾಮ್, ಕೆಲಸ ನಡೆಯುವಾಗ ಬೇಕಾದ್ದನ್ನು ಇಟ್ಟುಕೊಳ್ಳುವ ಜಾಗ. ಹಾರ್ಡ್ ಡಿಸ್ಕ್ ಶೇ. 100ರಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಆಗ ವಿಷಯ ಹೊಳೆಯಿತು. ಬೈತಖೋಲದ ಧಕ್ಕೆಯಲ್ಲಿ ಜಾಗ ಇಲ್ಲದಿದ್ದರೆ ಏನಾಗುತ್ತದೆ? ಒಂದು ದೋಣಿ ಹೊರಗೆ ಹೋಗಬೇಕು, ಆಮೇಲೆ ಇನ್ನೊಂದು ಒಳಗೆ ಬರಬೇಕು. ಇದೂ ಹಾಗೇ. ಇದ್ದ 4 ಜಿಬಿ ರ‍್ಯಾಮ್ ತುಂಬಿದ ಮೇಲೆ ವಿಂಡೋಸ್ ಒಂದಷ್ಟನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ಹಾರ್ಡ್ ಡಿಸ್ಕ್ ರ‍್ಯಾಮ್‌ಗಿಂತ ಎಷ್ಟೋ ಪಟ್ಟು ನಿಧಾನ. ನನ್ನ ಯಂತ್ರ ಮುದಿಯಾಗಿರಲಿಲ್ಲ, ಅದಕ್ಕೆ ಜಾಗ ಸಾಲುತ್ತಿರಲಿಲ್ಲ ಅಷ್ಟೆ. ಅದೇ ಪುಟದ ಕೆಳಗೆ ಇನ್ನೊಂದು ವಿವರ ಇತ್ತು. ರ‍್ಯಾಮ್ ಕೂರಿಸುವ ಎರಡು ಸ್ಲಾಟ್‌ಗಳಲ್ಲಿ ಒಂದೇ ಬಳಕೆಯಲ್ಲಿದೆ ಅಂತ!

ಖುಷಿಯಲ್ಲಿ ಬಸ್ ಹತ್ತಿ ಕಾರವಾರಕ್ಕೆ ಹೋದೆ. ಆಗಸ್ಟ್ ಮೊದಲ ವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದಿತ್ತು. ಹೋಗುವ, ಬರುವ ಗಾಡಿಗಳೆಲ್ಲ ಹೊಸ ಸೇತುವೆಯ ಮೇಲೇ. ಕಿಟಕಿಯಿಂದ ಆ ಮುರಿದ ಕಂಬಗಳನ್ನು ನೋಡುವಾಗ ಎಲ್ಲರೂ ಸುಮ್ಮನಾಗುತ್ತಿದ್ದರು. ಪೇಟೆಯ ಇನ್ನೊಂದು ಅಂಗಡಿಯಲ್ಲಿ ಹುಡುಗ ಕೇಳಿದ: "ಅಕ್ಕಾ, ಡಿಡಿಆರ್ 3 ಬೇಕಾ, ಡಿಡಿಆರ್ 4 ಬೇಕಾ?" ಅವು ರ‍್ಯಾಮ್‌ನ ಎರಡು ತಲೆಮಾರು. ನನ್ನದು ಯಾವುದು ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡೂ ಉದ್ದಕ್ಕೆ ಒಂದೇ ಅಂತೆ. ಆದರೆ ಡಿಡಿಆರ್ 3ಕ್ಕೆ 240 ಪಿನ್, ಡಿಡಿಆರ್ 4ಕ್ಕೆ 288. ನಡುವಿನ ಕಚ್ಚು ಬೇರೆ ಜಾಗದಲ್ಲಿ ಇರುವುದರಿಂದ ಒಂದರ ಜಾಗಕ್ಕೆ ಇನ್ನೊಂದು ಕೂರುವುದೇ ಇಲ್ಲ. ಸುಮ್ನೆ ಒಂದು ಕೊಡುವ ಬದಲು "ಮನೇಲಿ ಬಿಚ್ಚಿ, ಸ್ಟಿಕರ್ ಫೋಟೊ ತೆಗೆದು ಬನ್ನಿ" ಅಂದ. ಆ ಹುಡುಗನ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಮನೆಗೆ ಬಂದು ವೈರ್ ಎಲ್ಲ ಕಿತ್ತೆ. ಪವರ್ ಬಟನ್ ಒಂದಷ್ಟು ಹೊತ್ತು ಒತ್ತಿ ಹಿಡಿದೆ, ಒಳಗೆ ಉಳಿದ ಕರೆಂಟ್ ಹೋಗಲಿ ಅಂತ. ಸಿಪಿಯು ಡಬ್ಬಿಯ ಪಕ್ಕದ ತಗಡು ತೆಗೆದರೆ ಒಳಗೆ ಧೂಳು. ಹಿಂದಿನ ಸ್ಕ್ರೂಗಳಿಗೆಲ್ಲ ತುಕ್ಕು ಹಿಡಿದಿತ್ತು. ಸಮುದ್ರದ ಗಾಳಿ ತಾನೆ, ನಮ್ಮಲ್ಲಿ ಕಿಟಕಿಯ ಸರಳೇ ಬಾಳುವುದಿಲ್ಲ. ರ‍್ಯಾಮ್ ಮುಟ್ಟುವ ಮೊದಲು ಡಬ್ಬಿಯ ಬಣ್ಣವಿಲ್ಲದ ಲೋಹ ಮುಟ್ಟಿಕೊಂಡೆ. ಮೈಯಲ್ಲಿನ ಸ್ಥಿರ ವಿದ್ಯುತ್ ಚಿಪ್‌ಗೆ ತಾಗಿದರೆ ಹಾಳು. ಮಳೆಗಾಲದ ತೇವದಲ್ಲಿ ಆ ಭಯ ಕಡಿಮೆ, ಆದರೂ ಬಿಡಬಾರದು. ಸ್ಟಿಕರ್ ಮೇಲೆ ಪಿಸಿ4-2400 ಅಂತ ಇತ್ತು. ಪಿಸಿ4 ಅಂದರೆ ಡಿಡಿಆರ್ 4, 2400 ಅದರ ವೇಗ.

ಮಧ್ಯಾಹ್ನ ಮತ್ತೆ ಸೇತುವೆ ದಾಟಿದೆ. 2400ರದ್ದು ಇರಲಿಲ್ಲ, 8 ಜಿಬಿಯ 2666 ಕೊಟ್ಟ. "ಅದು ಹಳೇದರ ವೇಗಕ್ಕೇ ಇಳಿದು ಓಡುತ್ತೆ, ತೊಂದರೆ ಇಲ್ಲ" ಅಂದ. ಹೌದು, ಹಾಗೇ ಆಯಿತು. ಆದರೆ ಮೊದಲ ಸಲಕ್ಕಲ್ಲ.

ಹೊಸದನ್ನು ಕೂರಿಸಿ ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪಗೇ ಉಳಿಯಿತು. ಎರಡು ನಿಮಿಷ ಕಾದೆ. ಏನೂ ಇಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಕರಪತ್ರದ ಫೈಲ್ ಎಲ್ಲ ಒಳಗೇ ಇತ್ತು. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಎಂತಾಯ್ತೇ? ಗಡಿಬಿಡಿ ಮಾಡ್ಬೇಡ, ಮೊದಲು ಒಂದು ಲೋಟ ಚಹಾ ಕುಡಿ" ಅಂದರು. ಆ ಚಹಾ ನಿಜವಾಗಿ ಉಪಕಾರ ಮಾಡಿತು. ಕೂತು ಯೋಚಿಸಿದೆ. ಮತ್ತೆ ವೈರ್ ಕಿತ್ತು ಎರಡನ್ನೂ ಹೊರಗೆ ತೆಗೆದೆ. ಹಳೇದರ ಚಿನ್ನದ ಬಣ್ಣದ ಪಟ್ಟಿಗಳು ಮಂಕಾಗಿದ್ದವು. ಅಲ್ಲಲ್ಲಿ ಕಪ್ಪು ಕಲೆ. ಏಳು ಮಳೆಗಾಲ ಅಲುಗದೆ ಕೂತಿತ್ತು, ನಾನೀಗ ಅಲ್ಲಾಡಿಸಿದ್ದೆ. ಮಗಳ ಕಂಪಾಸ್ ಬಾಕ್ಸ್‌ನಿಂದ ಬಿಳಿ ರಬ್ಬರ್ ತಂದು ಹಗುರಾಗಿ ಉಜ್ಜಿದೆ. ರಬ್ಬರ್ ಚೂರು ಒಂದೂ ಉಳಿಯದಂತೆ ಒಣ ಬ್ರಷ್‌ನಲ್ಲಿ ಗುಡಿಸಿದೆ. ಸ್ಲಾಟ್‌ನ ಧೂಳನ್ನೂ ಅದೇ ಬ್ರಷ್‌ನಲ್ಲಿ ತೆಗೆದೆ. ಬಾಯಿಂದ ಊದಲಿಲ್ಲ, ಉಗುಳು ತಾಗುತ್ತದೆ.

ಇನ್ನೊಂದು ತಪ್ಪೂ ಕಂಡಿತು. ಹೊಸದನ್ನು ಹೆದರಿ ಹೆದರಿ ಒತ್ತಿದ್ದೆ, ಒಂದು ಬದಿಯ ಕ್ಲಿಪ್ ಬಿದ್ದೇ ಇರಲಿಲ್ಲ. ಈ ಸಲ ಎರಡು ಹೆಬ್ಬೆರಳು ಎರಡು ತುದಿಗೆ ಇಟ್ಟು ನೇರವಾಗಿ ಒತ್ತಿದೆ. ಅದಕ್ಕೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಬಲ ಬೇಕು. ಟಕ್ ಅಂತ ಒಂದು, ಮತ್ತೆ ಟಕ್ ಅಂತ ಇನ್ನೊಂದು. ಹಳೇದಕ್ಕೂ ಹಾಗೇ.

ಬಟನ್ ಒತ್ತಿದೆ. ಪರದೆ ಬೆಳಗಲು ಮಾಮೂಲಿಗಿಂತ ತುಸು ಹೊತ್ತು ಹಿಡಿಯಿತು. ಆಮೇಲೆ ಅಕ್ಷರ ಮೂಡಿದವು. 12 ಜಿಬಿ. ಮಗಳು "ಅಮ್ಮಾ, ಬಂತು!" ಅಂತ ಕೂಗಿದಳು. ಅತ್ತೆ ದೇವರ ಕೋಣೆಯ ಕಡೆ ತಿರುಗಿ ಕೈಮುಗಿದರು.

ರಾತ್ರಿ ಮೆಮೊರಿ ಪರೀಕ್ಷೆಗೆ ಹಚ್ಚಿ ಮಲಗಿದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಕರೆಂಟ್ ಹೋಗದಿರಲಿ ಅಂತ ನಡುರಾತ್ರಿ ಎರಡು ಸಲ ಎದ್ದು ನೋಡಿದೆ. ಬೆಳಿಗ್ಗೆ ಫಲಿತಾಂಶದಲ್ಲಿ ದೋಷ ಸೊನ್ನೆ. ಕೈಗಾ ಅಣುಸ್ಥಾವರದ ರಾತ್ರಿ ಪಾಳಿ ಮುಗಿಸಿ ಯಜಮಾನರು ಬರುವಷ್ಟರಲ್ಲಿ ಕರಪತ್ರದ ಮೊದಲ ಪುಟ ಮುಗಿದಿತ್ತು, ಗಣಪತಿಯ ಫೋಟೊ ಸಮೇತ.